ಮಕ್ಕಳ ತೀವ್ರ ಅಲರ್ಜಿ: ಒಮ್ಮೆ ಬಂದು ಹೋಯಿತೆಂದು ಮರೆಯುವ ಹಾಗಿಲ್ಲ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಹಿತವಾಗಿ, ಮಿತವಾಗಿ ಉಂಡವರ ಹತ್ತಿರ ಕಾಯಿಲೆ ಸುಳಿಯದು ಎಂಬ ಅರ್ಥದ ಈ ಗಾದೆ ಬಹುಮಟ್ಟಿಗೆ ನಿಜವೇ. ಆದರೆ ಪಂಕ್ತಿಯಲ್ಲಿ ಕುಳಿತವರೆಲ್ಲ ಉಂಡು ತೇಗಿದ ಅದೇ ಅಡುಗೆ, ಅದೇ ಪಂಕ್ತಿಯ ಒಂದು ಮಗುವಿಗೆ ಮಾತ್ರ ವಿಷವಾಗಿ ಪರಿಣಮಿಸುವುದುಂಟು. ಅಡುಗೆಯಲ್ಲಿ ದೋಷವಿರುವುದಿಲ್ಲ, ಬಡಿಸಿದವರಲ್ಲಿಯೂ ದೋಷವಿರುವುದಿಲ್ಲ. ಆ ಮಗುವಿನ ಶರೀರಕ್ಕೆ ಆ ಪದಾರ್ಥ ಒಗ್ಗುವುದಿಲ್ಲ, ಅಷ್ಟೇ. ಇದನ್ನೇ ನಾವು ಅಲರ್ಜಿ ಎನ್ನುತ್ತೇವೆ. ಅದು ಉಗ್ರರೂಪ ತಾಳಿ ಉಸಿರಾಟಕ್ಕೂ ರಕ್ತಸಂಚಾರಕ್ಕೂ ಅಡ್ಡಿಯಾದರೆ ವೈದ್ಯರು ಅದನ್ನು ಅನಾಫಿಲ್ಯಾಕ್ಸಿಸ್ ಎಂದು ಕರೆಯುತ್ತಾರೆ.

ನಾವು ವೈದ್ಯರಲ್ಲ. ಬ್ಯಾಂಕಿನಲ್ಲಿ ಮೂರು ದಶಕಗಳಿಂದ ಲೆಕ್ಕ ಬರೆಯುತ್ತಿರುವ, ಕಲಾ ವಿಭಾಗದ ಪದವೀಧರರು. ಈ ವಿಷಯವಾಗಿ ಓದಲು, ತಿಳಿದವರನ್ನು ಕೇಳಲು ನಾವು ತೊಡಗಿದ್ದಕ್ಕೆ ನಮ್ಮ ಕಟ್ಟಡದ ಒಂದು ಹೆಣ್ಣುಮಗುವೇ ಕಾರಣ. ಆ ಕುಟುಂಬದವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ನಡೆದುದನ್ನು ಇಲ್ಲಿ ಮೊದಲು ನಿವೇದಿಸುತ್ತೇವೆ.

ಮೂರು ಸಲ ನಡೆದುದು

ಮೂರು ವರ್ಷಗಳ ಹಿಂದಿನ ಮಕರ ಸಂಕ್ರಾಂತಿ. ಮಲಾಡ್‌ನ ನಮ್ಮ ಕಟ್ಟಡದಲ್ಲಿ ಕನ್ನಡಿಗರೂ ಮರಾಠಿಗರೂ ಸೇರಿ ಅರಸಿನ ಕುಂಕುಮ ಕಾರ್ಯಕ್ರಮವನ್ನು ಇಟ್ಟುಕೊಂಡಿದ್ದರು. ಒಂದೆಡೆ ನಮ್ಮ ಎಳ್ಳು-ಬೆಲ್ಲ, ಇನ್ನೊಂದೆಡೆ ಮಹಾರಾಷ್ಟ್ರದ ತಿಳ್‌ಗೂಳ್ ಲಾಡು. ಆರು ವರ್ಷದ ಆ ಬಾಲೆ ಒಂದು ಲಾಡು ತಿಂದು ಹತ್ತು ನಿಮಿಷವಾಗಿರಲಿಲ್ಲ, ತುಟಿ ಊದಿತು, ಮೈಮೇಲೆ ಗಂದೆಗಳೆದ್ದವು, ಕೆಮ್ಮು ತೊಡಗಿತು, ವಾಂತಿಯಾಯಿತು. ಉಡುಪಿ ಕಡೆಯವರಾದ ಆಕೆಯ ಅಜ್ಜಿ, "ಪಿತ್ತ ಎದ್ದದ್ದು ಮಾರಾಯ್ರೆ, ಪುನರ್ಪುಳಿ ನೀರು ಕೊಟ್ಟರೆ ಇಳಿಯುತ್ತದೆ" ಎಂದರು. ಅದೃಷ್ಟಕ್ಕೆ ತಾಯಿ ಕಾಯಲಿಲ್ಲ. ಸಮೀಪದ ನರ್ಸಿಂಗ್ ಹೋಮಿಗೆ ಒಯ್ದರು. ವೈದ್ಯರು ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯೊಳಗೆ ಮಗು ಎದ್ದು ಕುಳಿತು ನೀರು ಕೇಳಿತು.

ವೈದ್ಯರು ರಾತ್ರಿ ಇಲ್ಲಿಯೇ ಇರಲಿ ಎಂದರು. ಮಗು ಗೆಲುವಾಗಿದೆಯಲ್ಲ, ಬೆಳಗ್ಗೆ ಶಾಲೆ ಇದೆಯಲ್ಲ ಎಂದು ಮನೆಯವರು ಹಿಂದಿರುಗಿದರು. ರಾತ್ರಿ ಹತ್ತರ ಸುಮಾರಿಗೆ, ಬೇರೇನನ್ನೂ ತಿನ್ನದಿದ್ದರೂ, ಮತ್ತೆ ಗಂದೆಗಳೆದ್ದವು, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು ಕೇಳಿಸಿತು. ಪುನಃ ರಿಕ್ಷಾ, ಪುನಃ ಇಂಜೆಕ್ಷನ್, ಈ ಬಾರಿ ರಾತ್ರಿಯಿಡೀ ಆಸ್ಪತ್ರೆ ವಾಸ.

ಮೂರನೆಯದು ಅದೇ ವರ್ಷದ ದೀಪಾವಳಿಯಲ್ಲಿ. ಮಗುವಿಗೆ ಎಳ್ಳು ಆಗದೆಂಬುದು ಆ ಹೊತ್ತಿಗೆ ಕಟ್ಟಡದ ಎಲ್ಲರಿಗೂ ತಿಳಿದಿತ್ತು. ಎಳ್ಳುಂಡೆಯನ್ನು ಯಾರೂ ಆ ಮನೆಗೆ ಕೊಡುತ್ತಿರಲಿಲ್ಲ. ಆದರೆ ಹಬ್ಬದ ಫರಾಳದ ಡಬ್ಬಿಯಲ್ಲಿ ಚಕ್ಕುಲಿ ಹೋಯಿತು. ಚಕ್ಕುಲಿಯ ಹಿಟ್ಟಿಗೆ ಎಳ್ಳು ಸೇರಿಸುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತಿತ್ತು. ಆ ಕ್ಷಣಕ್ಕೆ ಯಾರಿಗೂ ನೆನಪಾಗಲಿಲ್ಲ. ಆ ಡಬ್ಬಿ ನಮ್ಮ ಮನೆಯದು. ನಾವೇ ಕೈಯಾರೆ ಕೊಟ್ಟು ಬಂದದ್ದು.

ತಾಯಿ ಕಚೇರಿಯಲ್ಲಿದ್ದರು. ವೈದ್ಯರು ಬರೆದುಕೊಟ್ಟ ಔಷಧ ಕಪಾಟಿನಲ್ಲಿತ್ತು, ಆದರೆ ಅದನ್ನು ಬಳಸುವುದು ತಾಯಿಗೆ ಮಾತ್ರ ಗೊತ್ತಿತ್ತು. ಅಜ್ಜಿ ಅಲರ್ಜಿಯ ಸಿರಪ್ ಕುಡಿಸಿ, ಇಳಿಯಬಹುದೆಂದು ಅರ್ಧ ಗಂಟೆಗಿಂತ ಹೆಚ್ಚು ಕಾದರು. ನಮ್ಮನ್ನು ಕರೆಯುವ ಹೊತ್ತಿಗೆ ಮಗುವಿನ ದನಿ ಉಡುಗಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಎರಡು ಇಂಜೆಕ್ಷನ್, ಆಮ್ಲಜನಕ, ಒಂದು ಹಗಲು ಒಂದು ರಾತ್ರಿಯ ನಿಗಾ. ಮಗು ಉಳಿಯಿತು. ಆ ದಿನದಿಂದ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಪ್ರಶ್ನೆ ಒಂದೇ: ಮೊದಲ ಸಲ ನಡೆದದ್ದು ಆಕಸ್ಮಿಕ, ಆದರೆ ಎರಡನೆಯ ಮತ್ತು ಮೂರನೆಯ ಸಲದ್ದನ್ನು ತಪ್ಪಿಸಬಹುದಿತ್ತಲ್ಲವೇ?

ಹೆಸರು ಹುಟ್ಟಿದ್ದೇ ಎರಡನೆಯ ಸಲದಿಂದ

ಈ ಕಾಯಿಲೆಯ ಚರಿತ್ರೆಯೂ ಮರುಕಳಿಕೆಯಿಂದಲೇ ಪ್ರಾರಂಭವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಜುಹೂ, ಅಕ್ಸಾ ಮೊದಲಾದ ಕಡಲತೀರಗಳಿಗೆ ನೀಲಿ ಗುಳ್ಳೆಯಂತಹ ಒಂದು ಜೀವಿ ಬಂದು ಬೀಳುವುದನ್ನು ಓದುಗರು ಕಂಡಿರಬಹುದು. ಬ್ಲೂ ಬಾಟಲ್ ಎಂದು ಪತ್ರಿಕೆಗಳು ಬರೆಯುತ್ತವೆ. ಮುಟ್ಟಿದರೆ ಉರಿ, ಬಾವು. ಇದೇ ಕುಲದ ಜೀವಿಯ ವಿಷವನ್ನು 1901ರಲ್ಲಿ ಮೊನಾಕೊ ದೇಶದ ದೊರೆ ಒಂದನೆಯ ಆಲ್ಬರ್ಟ್ ಅವರ ಹಡಗಿನಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಅಭ್ಯಸಿಸಿದರು. ಪ್ಯಾರಿಸಿಗೆ ಮರಳಿದ ಮೇಲೆ ಕಡಲ ಹೂವೆಂದು ಕರೆಯಲಾಗುವ ಇನ್ನೊಂದು ಜೀವಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗವನ್ನು ಮುಂದುವರಿಸಿದರು. ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಲಸಿಕೆಯಂತೆ ರಕ್ಷಣೆ ದೊರೆಯಬಹುದೆಂಬುದು ಅವರ ನಿರೀಕ್ಷೆ.

ನಡೆದದ್ದು ಅದಕ್ಕೆ ತದ್ವಿರುದ್ಧ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಸಲದ ವಿಷವನ್ನು ತಾಳಿಕೊಂಡಿತು. 22 ದಿನಗಳ ಬಳಿಕ, ಪೂರ್ಣ ಆರೋಗ್ಯದಿಂದಿದ್ದಾಗ, ಅಷ್ಟೇ ಪ್ರಮಾಣವನ್ನು ಪುನಃ ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ಏದುಸಿರು ಬಿಡುತ್ತ ಕುಸಿದು, 25 ನಿಮಿಷಗಳಲ್ಲಿ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದುದು ಎಂಬ ಅರ್ಥ ಬರುವಂತೆ ರಿಶೆ ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ಈ ಸಂಶೋಧನೆ ಲೋಕಕ್ಕೆ ತಿಳಿದದ್ದು 1902ರಲ್ಲಿ. 1913ರಲ್ಲಿ ರಿಶೆ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಸ್ವಾರಸ್ಯವೆಂದರೆ ಇದಕ್ಕೆ ಇಂದಿಗೂ ಮೊದಲ ಮದ್ದಾಗಿರುವ ಅಡ್ರಿನಲಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದುದನ್ನು ಜಪಾನಿನ ಜೋಕಿಚಿ ತಕಮಿನೆ 1901ರಲ್ಲಿ, ಅಂದರೆ ಕಾಯಿಲೆಗೆ ಹೆಸರು ಬರುವ ಮುನ್ನವೇ, ಪ್ರಕಟಿಸಿದ್ದರು.

ಶರೀರದ ತಪ್ಪು ನೆನಪು

ಮೊದಲ ಸಲ ಏನೂ ಆಗದೆ ಎರಡನೆಯ ಸಲ ಹೀಗೇಕೆ ಎಂಬುದು ಸಹಜವಾದ ಪ್ರಶ್ನೆ. ನಮಗೆ ತಿಳಿದ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನಿರುತ್ತಾನೆ. ಒಬ್ಬ ನಿರಪರಾಧಿ ಗ್ರಾಹಕನನ್ನು ಕಳ್ಳನೆಂದು ತಪ್ಪಾಗಿ ಬಗೆದು, ಅವನ ಭಾವಚಿತ್ರವನ್ನು ಎಲ್ಲ ಬಾಗಿಲುಗಳಿಗೂ ಅಂಟಿಸಿಬಿಟ್ಟನೆಂದು ಭಾವಿಸಿರಿ. ಅಂದು ಗಲಾಟೆಯೇನೂ ಆಗುವುದಿಲ್ಲ. ಆ ಗ್ರಾಹಕ ಮತ್ತೊಮ್ಮೆ ಬಂದಾಗ ಎಲ್ಲ ಬಾಗಿಲುಗಳಲ್ಲೂ ಒಮ್ಮೆಲೇ ಗಂಟೆ ಬಾರಿಸುತ್ತದೆ.

ಶರೀರದಲ್ಲಿ ಆ ಭಾವಚಿತ್ರದ ಕೆಲಸ ಮಾಡುವುದು ಐಜಿಇ ಎಂಬ ಪ್ರತಿಕಾಯ. ಇದನ್ನು 1966-67ರ ಅವಧಿಯಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಚ್ ಅವರೂ ಪ್ರತ್ಯೇಕವಾಗಿ ಗುರುತಿಸಿದರು. ಚರ್ಮ, ಶ್ವಾಸನಾಳ, ಕರುಳು ಇವುಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಐಜಿಇ ಕುಳಿತಿರುತ್ತದೆ. ಶತ್ರುವೆಂದು ಗುರುತಿಸಿಟ್ಟ ಪದಾರ್ಥ ಎರಡನೆಯ ಸಲ ಒಳಹೊಕ್ಕೊಡನೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ಗಂಟಲು ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ಮೊದಲ ಪರಿಚಯ ಬಾಯಿಯ ಮೂಲಕವೇ ಆಗಬೇಕೆಂದಿಲ್ಲ. ಇಸಬಿನಿಂದ ಒಡೆದ ಎಳೆಯ ಚರ್ಮದ ಮೂಲಕವೂ ಆಹಾರದ ಕಣಗಳು ಒಳಸೇರಿ ಶರೀರವನ್ನು ಕೆರಳಿಸಿಡಬಲ್ಲವು. ತಿಂದ ನೆನಪೇ ಇಲ್ಲದ ಪದಾರ್ಥಕ್ಕೆ ಮಗು ಮೊದಲ ತುತ್ತಿನಲ್ಲಿಯೇ ಪ್ರತಿಕ್ರಿಯಿಸುವುದು ಹೀಗೆ.

ಮರುಕಳಿಕೆ ಎರಡು ಬಗೆ

ಮೊದಲನೆಯ ಬಗೆಯದು ಗಂಟೆಗಳ ಲೆಕ್ಕದ್ದು. ನಮ್ಮ ಬಾಲೆಗೆ ಸಂಕ್ರಾಂತಿಯ ರಾತ್ರಿ ಆದಂತೆ, ಪ್ರತಿಕ್ರಿಯೆ ಪೂರ್ತಿ ಇಳಿದ ಮೇಲೆ, ಆ ಪದಾರ್ಥವನ್ನು ಪುನಃ ಮುಟ್ಟದಿದ್ದರೂ, ಎರಡನೆಯ ಅಲೆ ಏಳುವುದುಂಟು. ನೂರರಲ್ಲಿ ಸುಮಾರು ಐವರಿಗೆ ಹೀಗಾಗುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ತಿಳಿಸುತ್ತದೆ. ಹೆಚ್ಚಿನವು ಅರ್ಧ ದಿನದೊಳಗೆ ಬರುತ್ತವೆ, ಅಪರೂಪಕ್ಕೆ 72 ಗಂಟೆಗಳವರೆಗೂ ಬರಬಹುದು. ಮೊದಲ ಅಲೆ ಉಗ್ರವಾಗಿದ್ದರೆ, ಒಂದಕ್ಕಿಂತ ಹೆಚ್ಚು ಬಾರಿ ಅಡ್ರಿನಲಿನ್ ಬೇಕಾಗಿದ್ದರೆ ಅಥವಾ ಅದನ್ನು ಕೊಡಲು ತಡವಾಗಿದ್ದರೆ ಈ ಸಂಭವ ಹೆಚ್ಚು. ಅಂತಹ ಮಕ್ಕಳನ್ನು ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೆಂದು ಅಮೆರಿಕದ ಅಲರ್ಜಿ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ಅಲರ್ಜಿಯ ಮಾತ್ರೆಯಾಗಲಿ ಸ್ಟಿರಾಯ್ಡ್ ಆಗಲಿ ಈ ಎರಡನೆಯ ಅಲೆಯನ್ನು ತಡೆಯುತ್ತವೆಂಬುದು ಸಿದ್ಧವಾಗಿಲ್ಲವೆಂದೂ ಅದೇ ಮಾರ್ಗಸೂಚಿ ತಿಳಿಸುತ್ತದೆ. ಆದುದರಿಂದ ವೈದ್ಯರು ಇರಿ ಎಂದರೆ ಇರಬೇಕು. ಮನೆಗೆ ಬಂದ ಮೇಲೂ ಆ ರಾತ್ರಿ ಮಗುವಿನ ಬಳಿ ಒಬ್ಬರು ಮಲಗಬೇಕು.

ಎರಡನೆಯ ಬಗೆಯದು ತಿಂಗಳು ವರ್ಷಗಳ ಲೆಕ್ಕದ್ದು. ಅದೇ ಪದಾರ್ಥ ಇನ್ನೊಂದು ವೇಷದಲ್ಲಿ ಬಂದು ಮಗುವಿನ ಬಾಯಿ ಸೇರುವುದು. ಹಿಂದಿನ ಸಲ ಬರೇ ಗಂದೆ ಎದ್ದಿತ್ತು, ಈ ಸಲವೂ ಅಷ್ಟೇ ಆದೀತು ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ತಿಂದ ಪ್ರಮಾಣ, ಅಂದಿನ ಜ್ವರ, ಓಡಾಟದ ಆಯಾಸ, ಮುಖ್ಯವಾಗಿ ಹತೋಟಿಯಲ್ಲಿಲ್ಲದ ಆಸ್ತಮಾ, ಇವೆಲ್ಲವನ್ನು ಅವಲಂಬಿಸಿ ಪ್ರತಿಕ್ರಿಯೆಯ ಉಗ್ರತೆ ಸಲದಿಂದ ಸಲಕ್ಕೆ ಬದಲಾಗುತ್ತದೆ. ಆಸ್ತಮಾ ಇರುವ ಮಗುವಿನ ಇನ್‌ಹೇಲರನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಈ ಕಾರಣಕ್ಕಾಗಿಯೂ ಅಪಾಯಕರ.

ಗುರುತಿಸುವುದು ಹೇಗೆ?

ಮಕ್ಕಳಲ್ಲಿ ಉಗ್ರ ಅಲರ್ಜಿಗೆ ಆಹಾರವೇ ಪ್ರಮುಖ ಕಾರಣ. ಹಾಲು, ಮೊಟ್ಟೆ, ನೆಲಗಡಲೆ, ಗೋಡಂಬಿ ಮತ್ತಿತರ ಬೀಜಗಳು, ಎಳ್ಳು, ಗೋಧಿ, ಮೀನು, ಸಿಗಡಿ ಮತ್ತು ಏಡಿ ಇವು ಮುಖ್ಯವಾದವು. ಕೆಲವು ಆಂಟಿಬಯಾಟಿಕ್‌ಗಳು, ನೋವುನಿವಾರಕಗಳು, ಜೇನ್ನೊಣ ಹಾಗೂ ಕಣಜದ ಕಡಿತವೂ ಕಾರಣವಾಗಬಹುದು. ಲಸಿಕೆಗಳಿಂದಾಗುವುದು ಹತ್ತು ಲಕ್ಷ ಡೋಸ್‌ಗಳಿಗೆ ಸುಮಾರು ಒಂದು ಮಾತ್ರ. ಅದಕ್ಕೆ ಹೆದರಿ ಲಸಿಕೆ ತಪ್ಪಿಸುವುದು ವಿವೇಕವಲ್ಲ.

ಲಕ್ಷಣಗಳು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗೆ ತೋರುತ್ತವೆ. ಚರ್ಮದಲ್ಲಿ ಗಂದೆ, ತುಟಿ ಮತ್ತು ಕಣ್ಣಿನ ರೆಪ್ಪೆಗಳ ಊತ. ಉಸಿರಾಟದಲ್ಲಿ ಬಿಡದ ಕೆಮ್ಮು, ಸುಂಯ್‌ಗುಟ್ಟುವಿಕೆ, ಗೊಗ್ಗರು ದನಿ. ಹೊಟ್ಟೆಯಲ್ಲಿ ನೋವು, ಮೇಲಿಂದ ಮೇಲೆ ವಾಂತಿ. ರಕ್ತಸಂಚಾರದಲ್ಲಿ ತಲೆಸುತ್ತು, ಬಿಳಿಚಿಕೊಳ್ಳುವುದು, ಕುಸಿಯುವುದು. ಇವುಗಳಲ್ಲಿ ಎರಡು ಕಡೆಯ ಲಕ್ಷಣಗಳು ಒಟ್ಟಿಗೆ ಕಂಡರೆ, ಅಥವಾ ಆಗದ ಪದಾರ್ಥ ತಿಂದ ಮಗುವಿಗೆ ಉಸಿರಾಟವೊಂದೇ ಕೆಟ್ಟರೂ, ಅದನ್ನು ಅನಾಫಿಲ್ಯಾಕ್ಸಿಸ್ ಎಂದೇ ಬಗೆಯಬೇಕು. ಹತ್ತರಲ್ಲಿ ಒಬ್ಬಿಬ್ಬರಿಗೆ ಚರ್ಮದಲ್ಲಿ ಏನೂ ಕಾಣಿಸದೆಯೂ ಇರಬಹುದು. ಮಾತು ಬಾರದ ಕೂಸು ಇದ್ದಕ್ಕಿದ್ದಂತೆ ವಿಪರೀತ ಹಟ ಮಾಡುವುದು ಅಥವಾ ಜೋಲುಬಿದ್ದು ಮಂಕಾಗುವುದು ಕೂಡ ಎಚ್ಚರಿಕೆಯ ಗುರುತು.

ಮೊದಲ ಮದ್ದು ಅಡ್ರಿನಲಿನ್

ನಮ್ಮ ಮನೆಗಳಲ್ಲಿ ಅಲರ್ಜಿ ಎಂದೊಡನೆ ಸೆಟ್ರಿಜಿನ್ ಮಾತ್ರೆಗೋ ಸಿರಪ್ಪಿಗೋ ಕೈ ಹೋಗುತ್ತದೆ. ತುರಿಕೆಗೆ ಅದು ಸರಿಯೇ. ಆದರೆ ಊದುತ್ತಿರುವ ಗಂಟಲನ್ನೂ ಇಳಿಯುತ್ತಿರುವ ರಕ್ತದೊತ್ತಡವನ್ನೂ ಸರಿಪಡಿಸುವ ಶಕ್ತಿ ಅದಕ್ಕಿಲ್ಲ. ಪುನರ್ಪುಳಿಯ ಬಗ್ಗೆ ನಮಗೆ ಗೌರವವಿದೆ, ಬೇಸಿಗೆಯಲ್ಲಿ ನಾವೂ ಕುಡಿಯುತ್ತೇವೆ. ಈ ಸಂದರ್ಭಕ್ಕೆ ಅದು ಸಲ್ಲದು. ಗಂಟಲು ಊದಿದ ಮಗುವಿಗೆ ಏನನ್ನೇ ಕುಡಿಸುವುದೂ ಅಪಾಯ.

ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಒಂದೇ ಇದಕ್ಕೆ ಮೊದಲ ಚಿಕಿತ್ಸೆ. ಅದು ರಕ್ತನಾಳಗಳನ್ನು ಬಿಗಿಗೊಳಿಸಿ, ಶ್ವಾಸನಾಳವನ್ನು ಸಡಿಲಿಸಿ, ಮಾಸ್ಟ್ ಕೋಶಗಳ ಸುರಿತವನ್ನು ತಗ್ಗಿಸುತ್ತದೆ. ಐದರಿಂದ ಹದಿನೈದು ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ ಕೊಡಬೇಕಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಪೆನ್ನಿನಂತೆ ಒತ್ತಿದರೆ ತಾನಾಗಿ ಚುಚ್ಚುವ ಸಾಧನಗಳನ್ನು ತಾಯಂದಿರು ಚೀಲದಲ್ಲಿಟ್ಟುಕೊಂಡಿರುತ್ತಾರೆ. ಅಮೆರಿಕದಲ್ಲಿ ಅದಕ್ಕೆ 1987ರಲ್ಲಿಯೇ ಅನುಮತಿ ದೊರೆಯಿತು. ಮೂಗಿಗೆ ಸಿಂಪಡಿಸುವ ಅಡ್ರಿನಲಿನ್ನಿಗೂ ಅಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ. ನಮ್ಮ ಬಡಾವಣೆಗಳ ಔಷಧದಂಗಡಿಗಳಲ್ಲಿ ಇವು ಸುಲಭವಾಗಿ ದೊರೆಯುವ ವಸ್ತುಗಳಲ್ಲ. ನಮ್ಮಲ್ಲಿ ಅಗ್ಗವಾಗಿ ಸಿಗುವುದು ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಗಾಜಿನ ಆಂಪ್ಯೂಲ್. ದೇಹತೂಕದ ಒಂದು ಕಿಲೋಗೆ 0.01 ಮಿಲಿಗ್ರಾಂ ಎಂಬುದು ವೈದ್ಯರ ಲೆಕ್ಕ. ಅಂದರೆ 20 ಕಿಲೋ ತೂಕದ ಮಗುವಿಗೆ 0.2 ಮಿಲಿಲೀಟರ್. ಆದರೆ ಇದನ್ನು ಓದಿ ಯಾರೂ ತಾವಾಗಿ ಪ್ರಯೋಗಕ್ಕೆ ಇಳಿಯಬಾರದು. ನಿಮ್ಮ ಮಗುವಿನ ಪ್ರಮಾಣವನ್ನು ನಿಮ್ಮ ಮಕ್ಕಳ ವೈದ್ಯರೇ ಕಾಗದದ ಮೇಲೆ ಬರೆದುಕೊಡಬೇಕು, ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೆಯುವುದನ್ನು ಅವರೆದುರಿಗೇ ಅಭ್ಯಾಸ ಮಾಡಬೇಕು, ಮಗು ಬೆಳೆದಂತೆ ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ತಾಯಿಯೊಬ್ಬರೇ ಕಲಿತರೆ ಸಾಲದು. ತಂದೆ, ಅಜ್ಜ, ಅಜ್ಜಿ, ಮಗುವನ್ನು ನೋಡಿಕೊಳ್ಳುವ ಬಾಯಿ, ಎಲ್ಲರಿಗೂ ತಿಳಿದಿರಬೇಕು. ನಮ್ಮ ಕಟ್ಟಡದ ಮೂರನೆಯ ಪ್ರಸಂಗ ಕಲಿಸಿದ ಪಾಠವೇ ಇದು.

ಆಂಪ್ಯೂಲ್ ಬೆಳಕಿಗೂ ಬಿಸಿಗೂ ಕೆಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ವಾಹನದಲ್ಲಿ ಬಿಡಬಾರದು, ಫ್ರೀಝರಿನಲ್ಲಿಯೂ ಇಡಬಾರದು. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ, ಅವಧಿ ಮುಗಿದಿದ್ದರೆ ಹೊಸದನ್ನು ತರಬೇಕು.

ಇಂಜೆಕ್ಷನ್ ಕೊಟ್ಟ ಮೇಲೆ ಮಗುವನ್ನು ಮಲಗಿಸಿ ಕಾಲುಗಳನ್ನು ತುಸು ಎತ್ತರಿಸಿಡಬೇಕು. ಏದುಸಿರಿದ್ದರೆ ಕುಳಿತಿರಲಿ, ವಾಂತಿಯಿದ್ದರೆ ಮಗ್ಗುಲಿಗೆ ಮಲಗಲಿ. ಎಬ್ಬಿಸಿ ನಿಲ್ಲಿಸುವುದು, ನಡೆಸುವುದು ಸರ್ವಥಾ ಕೂಡದು. ರಕ್ತದೊತ್ತಡ ಒಮ್ಮೆಗೇ ಕುಸಿಯುವ ಭಯವಿದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಹಾರಾಷ್ಟ್ರದಲ್ಲಿ 2014ರಿಂದ, ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಯ ಆಂಬ್ಯುಲೆನ್ಸ್ ಸೇವೆಯಿದೆ. ಆದರೂ ಸಂಜೆಯ ಎಸ್.ವಿ. ರೋಡ್, ಮಾರ್ವೆ ರೋಡ್‌ಗಳ ವಾಹನದಟ್ಟಣೆ ನಮಗೆ ತಿಳಿಯದ್ದೇನಲ್ಲ. ಮೊದಲ ಇಂಜೆಕ್ಷನ್ ಮನೆಯಲ್ಲಿಯೇ ಆಗುವುದರ ಮಹತ್ತ್ವ ಇಲ್ಲಿದೆ. ಬೇಸಿಗೆ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೊರಟವರು ಔಷಧವನ್ನು ಸೀಟಿನಡಿಯ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ರೈಲಿನಲ್ಲಿ ಸಹಾಯಕ್ಕಾಗಿ 139ಕ್ಕೆ ಕರೆ ಮಾಡಬಹುದು.

ಅಡಗಿ ಕುಳಿತ ಪದಾರ್ಥಗಳು

ಎಳ್ಳನ್ನೇ ತೆಗೆದುಕೊಳ್ಳಿರಿ. ಎಳ್ಳುಂಡೆಯಲ್ಲಿ ಅದು ಕಣ್ಣಿಗೆ ಕಾಣಿಸುತ್ತದೆ. ಚಕ್ಕುಲಿ, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜು, ಉತ್ತರ ಕರ್ನಾಟಕದ ಸಜ್ಜೆ ರೊಟ್ಟಿ, ಮಹಾರಾಷ್ಟ್ರದ ಗೋಡಾ ಮಸಾಲೆ, ಬರ್ಗರಿನ ಬನ್ನು, ಈಗ ಎಲ್ಲೆಡೆ ದೊರೆಯುವ ಹಮ್ಮಸ್ ಇವುಗಳಲ್ಲಿಯೂ ಅದಿದೆ. ನೆಲಗಡಲೆ ಚಿಕ್ಕಿಯಲ್ಲಿ ಮಾತ್ರವಲ್ಲ, ಉಪವಾಸದ ಸಾಬೂದಾಣೆ ಖಿಚಡಿಯಲ್ಲಿ, ಪೋಹೆಯಲ್ಲಿ, ಅನೇಕ ಚಟ್ನಿಗಳಲ್ಲಿಯೂ ಇದೆ. ಗೋಡಂಬಿ ಕಾಣುವುದು ಪಾಯಸದ ಮೇಲೆ; ಕಾಣದಿರುವುದು ಹೋಟೇಲಿನ ದಪ್ಪ ಗ್ರೇವಿಯೊಳಗೆ. ಒಂದೇ ಬಾಣಲೆಯಲ್ಲಿ ಸಿಗಡಿ ಕರಿದ ಎಣ್ಣೆಯಲ್ಲಿ ಆಮೇಲೆ ಬಜೆ ಕರಿದರೆ ಆ ಬಜೆಯೂ ಅಪಾಯಕಾರಿ.

2016ರ ಜುಲೈಯಲ್ಲಿ ಲಂಡನ್ನಿನ ನತಾಶಾ ಎಡ್ನನ್-ಲಪರೂಸ್ ಎಂಬ 15 ವರ್ಷದ ಬಾಲಕಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿಂದು ತೀರಿಕೊಂಡಳು. ಬ್ರೆಡ್ಡಿನ ಹಿಟ್ಟಿನೊಳಗೆ ಎಳ್ಳಿತ್ತು, ಹೊದಿಕೆಯ ಮೇಲೆ ಆ ಮಾತಿರಲಿಲ್ಲ. ತಂದೆತಾಯಿಯ ಹೋರಾಟದ ಫಲವಾಗಿ, ಅಂಗಡಿಯಲ್ಲಿಯೇ ತಯಾರಿಸಿ ಕಟ್ಟಿಡುವ ತಿಂಡಿಗಳ ಮೇಲೂ ಎಲ್ಲ ಪದಾರ್ಥಗಳನ್ನು ನಮೂದಿಸಬೇಕೆಂಬ ಕಾನೂನು ಅಲ್ಲಿ 2021ರ ಅಕ್ಟೋಬರಿನಿಂದ ಜಾರಿಗೆ ಬಂತು. ನಮ್ಮ ದೇಶದಲ್ಲಿ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 2020ರ ನಿಯಮದಂತೆ ಪೊಟ್ಟಣಗಳ ಮೇಲೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ ವರ್ಗ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಮತ್ತು ಬೀಜಗಳು, ಸೋಯಾ, ಸಲ್ಫೈಟ್ ಇವುಗಳ ಇರವನ್ನು ತಿಳಿಸಬೇಕು. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೇಲು ಸರಣಿಗಳು 2022ರ ಜುಲೈಯಿಂದ ಮೆನುವಿನಲ್ಲಿಯೂ ತಿಳಿಸಬೇಕು. ಆದರೆ 2020ರ ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಬಿಡಿಯಾಗಿ ತೂಗಿಕೊಡುವ ಫರ್ಸಾಣ, ಮಿಠಾಯಿಗಳ ಮೇಲೆ ಓದಲು ಚೀಟಿಯೂ ಇರುವುದಿಲ್ಲ. ಅಲ್ಲಿ ಕೇಳಿ ತಿಳಿಯುವುದೊಂದೇ ದಾರಿ. ಖಚಿತ ಉತ್ತರ ದೊರೆಯದಿದ್ದರೆ ಬಿಡುವುದೇ ಕ್ಷೇಮ.

ಹೆದರಿ ಎಲ್ಲವನ್ನೂ ಬಿಡಬೇಕಿಲ್ಲ

ಇಷ್ಟು ಓದಿದ ಹೆತ್ತವರು ಗಾಬರಿಗೊಂಡು ಮಗುವಿನ ತಟ್ಟೆಯಿಂದ ಒಂದೊಂದಾಗಿ ಎಲ್ಲವನ್ನೂ ತೆಗೆಯಬಾರದು. ಕರಾವಳಿಯಲ್ಲಿ ಬದನೆ, ಸಿಗಡಿ ಮುಂತಾದವನ್ನು ನಂಜು ಎಂದು ದೂರವಿಡುವ ರೂಢಿಯಿದೆ. ಆ ರೂಢಿಯಲ್ಲಿ ಅನುಭವದ ಅಂಶ ಇಲ್ಲದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬದನೆಯ ಅಲರ್ಜಿಯನ್ನು ಕುರಿತು ಅಲ್ಲಿಯ ಜನರಲ್ಲಿಯೇ ಅಧ್ಯಯನ ನಡೆಸಿ 2008ರಲ್ಲಿ ಪ್ರಕಟಿಸಿದ್ದಾರೆ. ಆದರೆ ನಂಜು ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು. ಅಲರ್ಜಿ ಒಬ್ಬೊಬ್ಬರದೇ ಸ್ವಂತ ಲೆಕ್ಕ.

ರಕ್ತಪರೀಕ್ಷೆಯ ವರದಿಯನ್ನು ಓದುವಾಗಲೂ ಈ ವಿವೇಕ ಬೇಕು. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯಡಿ ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತಿತರರು ಕರ್ನಾಟಕದ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಯಾವುದಾದರೊಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಕಂಡುಬಂದವರು ನೂರಕ್ಕೆ 26.5, ನಿಜವಾಗಿ ಅಲರ್ಜಿ ಇರುವ ಸಂಭವವಿದ್ದವರು ಕೇವಲ 1.2. ಇದೇ ಯೋಜನೆಯಡಿ ಶಾಲಾ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ವರದಿಯಂತೆ ಆಹಾರದ ಅಲರ್ಜಿ ಹಾಂಗ್‌ಕಾಂಗಿನಲ್ಲಿ ನೂರಕ್ಕೆ 1.50 ಇದ್ದರೆ ಭಾರತದಲ್ಲಿ 0.14 ಮಾತ್ರ. ಅಂದರೆ ನಮ್ಮಲ್ಲಿ ಇದು ವಿರಳ. ವಿರಳವಾದುದರಿಂದಲೇ ಬಂದಾಗ ಗುರುತು ಹತ್ತದೆ ಪಿತ್ತವೆಂದೋ ದೃಷ್ಟಿಯೆಂದೋ ಕಾಲ ಕಳೆಯುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಇಪ್ಪತ್ತು ಪದಾರ್ಥಗಳ ಮುಂದೆ ಗುರುತು ಬಿತ್ತೆಂದು ಇಪ್ಪತ್ತನ್ನೂ ನಿಲ್ಲಿಸಿದರೆ ಮಗು ಸೊರಗೀತು. ತಿಂದಾಗ ಏನಾಯಿತು ಎಂಬ ವೃತ್ತಾಂತದೊಡನೆ ಇಟ್ಟು ನೋಡಿದಾಗಲೇ ಪರೀಕ್ಷೆಗೆ ಅರ್ಥ. ಅದನ್ನು ತಜ್ಞರು ನಿರ್ಣಯಿಸಬೇಕು.

ಎಳೆಯ ಕೂಸುಗಳ ವಿಚಾರದಲ್ಲಿ ಹಳೆಯ ಸಲಹೆಯೇ ತಲೆಕೆಳಗಾಗಿದೆ. ಅಲರ್ಜಿಯ ಭಯವಿದ್ದರೆ ನೆಲಗಡಲೆಯನ್ನು ಮೂರು ವರ್ಷದವರೆಗೆ ಕೊಡಬಾರದೆಂದು 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರು ಹೇಳಿದ್ದರು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ, ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳ ಅಧ್ಯಯನದಿಂದ, ಮೊದಲ ವರ್ಷದಲ್ಲಿಯೇ ನೆಲಗಡಲೆಯ ಆಹಾರವನ್ನು ರೂಢಿ ಮಾಡಿಸಿದ ಮಕ್ಕಳಲ್ಲಿ ಐದನೆಯ ವಯಸ್ಸಿಗೆ ಅದರ ಅಲರ್ಜಿ ಸುಮಾರು ಐದರಲ್ಲಿ ನಾಲ್ಕು ಪಾಲು ಕಡಿಮೆಯಾದುದನ್ನು ತೋರಿಸಿತು. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ಅರೆದು ಕಲಸಿಯೇ ಕೊಡಬೇಕು. ಅಂತಹ ಶಿಶುಗಳಿಗೆ ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು.

ಹಾಲು, ಮೊಟ್ಟೆಗಳ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ಮಾಯವಾಗುತ್ತದೆ. ನೆಲಗಡಲೆಯದು ಐವರಲ್ಲಿ ಒಬ್ಬರಿಗೆ ಹೋಗಬಹುದು. ಎಳ್ಳು, ಗೋಡಂಬಿ, ಮೀನು, ಸಿಗಡಿಯದು ಬಹುತೇಕ ಉಳಿದುಕೊಳ್ಳುತ್ತದೆ. ಹೋಯಿತೇ ಎಂದು ಮನೆಯಲ್ಲಿ ಚೂರು ತಿನ್ನಿಸಿ ನೋಡುವ ಸಾಹಸ ಬೇಡ. ಆ ಪರೀಕ್ಷೆ ನಡೆಯಬೇಕಾದುದು ಆಸ್ಪತ್ರೆಯಲ್ಲಿ. ಅತ್ಯಲ್ಪ ಪ್ರಮಾಣದಿಂದ ಪ್ರಾರಂಭಿಸಿ ಸಹನೆಯನ್ನು ಬೆಳೆಸುವ ಚಿಕಿತ್ಸೆಗಳೂ, 2024ರಲ್ಲಿ ಅಮೆರಿಕದಲ್ಲಿ ಆಹಾರದ ಅಲರ್ಜಿಗೆ ಅನುಮತಿ ಪಡೆದ ಒಮಾಲಿಜುಮ್ಯಾಬ್ ಎಂಬ ಔಷಧವೂ ಆಶಾದಾಯಕವಾಗಿವೆ. ಇವು ಆಕಸ್ಮಿಕ ಸೇವನೆಯ ಅಪಾಯವನ್ನು ತಗ್ಗಿಸುತ್ತವೆ, ಎಚ್ಚರದ ಅಗತ್ಯವನ್ನು ನೀಗಿಸುವುದಿಲ್ಲ.

ಒಂದು ಲೆಕ್ಕದ ಪುಸ್ತಕ

ಬ್ಯಾಂಕಿನವರ ಅಭ್ಯಾಸಬಲವೆಂದು ಓದುಗರು ನಗಬಹುದು, ಆದರೂ ಹೇಳುತ್ತೇವೆ. ಒಮ್ಮೆ ಉಗ್ರ ಅಲರ್ಜಿಯಾದ ಮಗುವಿನ ಮನೆಯಲ್ಲಿ ಒಂದು ಪುಸ್ತಕವಿರಲಿ. ದಿನಾಂಕ, ತಿಂದ ಹೊತ್ತು, ಲಕ್ಷಣ ತೋರಿದ ಹೊತ್ತು, ತಿಂದ ಪದಾರ್ಥಗಳೆಲ್ಲವೂ, ಕೊಟ್ಟ ಔಷಧ, ಇಳಿದ ಹೊತ್ತು, ಇವನ್ನು ಅಂದೇ ಬರೆದಿಡಬೇಕು. ಪೊಟ್ಟಣವಿದ್ದರೆ ಅದನ್ನೂ ತೆಗೆದಿಡಬೇಕು. ಇಂತಹ ದಾಖಲೆಯೊಂದಿಗೆ ಹೋದವರಿಗೆ ತಜ್ಞರು ಕಾರಣವನ್ನು ಬೇಗ ಕಂಡುಹಿಡಿದು ಕೊಡಬಲ್ಲರು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮೂರು ಸಂಗತಿಗಳನ್ನು ಕೇಳಿ ಪಡೆಯಬೇಕು: ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಬರೆದ ಕಾಗದ, ಮುಂದಿನ ಸಲಕ್ಕೆ ಔಷಧ ಮತ್ತು ಅದರ ಪ್ರಮಾಣ, ಅಲರ್ಜಿ ತಜ್ಞರಿಗೆ ಬರೆದ ಪತ್ರ. ಅದೇ ಕಾಗದದ ಒಂದೊಂದು ಪ್ರತಿ ಶಾಲೆಯ ತರಗತಿ ಶಿಕ್ಷಕಿಯ ಬಳಿ, ಶಾಲಾ ಬಸ್ಸಿನವರ ಬಳಿ, ಟ್ಯೂಷನ್ ಮನೆಯಲ್ಲಿ ಇರಲಿ. ಟಿಫಿನ್ ಹಂಚಿಕೊಂಡು ತಿನ್ನುವುದು ಒಳ್ಳೆಯ ಗುಣವೇ. ಆದರೆ ಬೇಡ ಎನ್ನಲು ಆ ಮಗುವಿಗೆ, ಒತ್ತಾಯಿಸದಿರಲು ಅದರ ಗೆಳೆಯರಿಗೆ ಕಲಿಸಬೇಕು.

ಸಂಘ ಸಂಸ್ಥೆಗಳವರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಯುಗಾದಿ, ರಾಜ್ಯೋತ್ಸವ, ವಾರ್ಷಿಕ ವಿಹಾರಕೂಟಗಳಲ್ಲಿ ಊಟದ ಮೇಜಿನ ಮೇಲೆ ಪದಾರ್ಥದ ಹೆಸರಿನ ಚೀಟಿ ಇಡುವುದುಂಟು. ಅದೇ ಚೀಟಿಯಲ್ಲಿ ನೆಲಗಡಲೆ ಇದೆ, ಗೋಡಂಬಿ ಇದೆ, ಎಳ್ಳು ಇದೆ ಎಂಬ ಇನ್ನೊಂದು ಸಾಲು ಸೇರಿದರೆ ಖರ್ಚೇನೂ ಇಲ್ಲ. ಮಡ್, ಅಕ್ಸಾ ಕಡೆಯ ವಿಹಾರಕ್ಕೆ ಹೊರಟಾಗ ಹತ್ತಿರದ ಆಸ್ಪತ್ರೆ ಯಾವುದೆಂದು ಒಬ್ಬರಾದರೂ ವಿಚಾರಿಸಿಟ್ಟುಕೊಂಡಿರಲಿ. ಬಡಿಸುವವರು ಒಂದು ಮಗು ಬೇಡವೆಂದಾಗ "ಒಂಚೂರು ತಿಂದರೆ ಏನಾಗುತ್ತದೆ ಪುಟ್ಟಾ" ಎಂದು ಉಪಚಾರ ಮಾಡದಿರಲಿ.

ನಮ್ಮ ಕಟ್ಟಡದ ಬಾಲೆಗೆ ಈಗ ಒಂಬತ್ತು ವರ್ಷ. ಆ ದೀಪಾವಳಿಯ ಮರುದಿನ ಕ್ಷಮೆ ಕೇಳಲು ನಾವು ಆಸ್ಪತ್ರೆಗೆ ಹೋದಾಗ ಆಕೆಯ ತಾಯಿ ನಮ್ಮ ಮನೆಯವರ ಕೈ ಹಿಡಿದು, "ನಿಮ್ಮದೇನು ತಪ್ಪಕ್ಕಾ, ನಮಗೂ ಹೊಳೆಯಲಿಲ್ಲ" ಎಂದರು. ಅವರು ದೊಡ್ಡ ಮನಸ್ಸಿನವರು. ಅಂದಿನಿಂದ ನಮ್ಮ ಮನೆಯ ಫರಾಳದ ಡಬ್ಬಿಗಳ ಮುಚ್ಚಳದ ಮೇಲೆ ಒಳಗಿರುವ ತಿಂಡಿಗಳಿಗೆ ಏನೇನು ಹಾಕಿದೆ ಎಂದು ಬರೆದ ಚೀಟಿ ಅಂಟಿರುತ್ತದೆ. ಕಳೆದ ದೀಪಾವಳಿಗೆ ನಮ್ಮ ಮಹಡಿಯ ಇನ್ನೆರಡು ಮನೆಗಳ ಡಬ್ಬಿಗಳ ಮೇಲೆಯೂ ಅಂತಹ ಚೀಟಿಯನ್ನು ಕಂಡೆವು. ಒಂದು ಮರಾಠಿಯಲ್ಲಿತ್ತು. ಈ ವರ್ಷ ತಮ್ಮ ಮನೆಯಲ್ಲಿಯೂ ಬರೆಯಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.